ಗಂಟೆಯ ನಾಲಿಗೆ

ನಮ್ಮೂರಿನಲ್ಲಿ ಎಲ್ಲರಿಗಿಂತ ಹೆಚ್ಚು ಏಟು ತಿಂದವನು ನಾನು. ಯಾಕೆಂದರೆ ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಹೊಡೆಯಲು ಬರುತ್ತಿದ್ದುದು ನನಗೇ. ಹೆಸರು ಈರಸಂಗಪ್ಪ, ಗರಡಿಯಲ್ಲಿ ವರಸೆ ಕಲಿಸುವ ವಸ್ತಾದ. ಮಾವನ ಮನೆಯಲ್ಲಿ ಮರ್ಯಾದೆ ಸಿಗದ ಅಳಿಯ, ಬಡ್ತಿ ತಪ್ಪಿದ ಮಾಸ್ತರ, ಚುನಾವಣೆಯಲ್ಲಿ ಸೋತ ಸದಸ್ಯ, ಯಾರಿಗೆ ಸಿಟ್ಟು ಬಂದರೂ ಇಳಿಸಿಕೊಳ್ಳಲು ನನ್ನ ಕೆನ್ನೆಯೇ ಆಗಬೇಕು. ಹೊಡೆದ ಮೇಲೆ, "ತಪ್ಪ ತಿಳೀಬ್ಯಾಡ್ರಿ ವಸ್ತಾದರ, ಎದಿ ಹಗುರಾತು ನೋಡ್ರಿ" ಎಂದು ಕೈಮುಗಿದು ಹೋಗುತ್ತಿದ್ದರು. ನಾನೂ ಕೈಮುಗಿಯುತ್ತಿದ್ದೆ. ಆ ಕೈಯನ್ನು ಬೇರೆ ಯಾವುದಕ್ಕೂ ಬಳಸುವಂತಿರಲಿಲ್ಲ.

ಇದಕ್ಕೆಲ್ಲ ಮೂಲ ಕೋರ್ಟಿನ ಅಂಗಳದಲ್ಲಿರುವ ಗಂಟೆ. ಕಲ್ಲಿನ ಮಂಟಪದಲ್ಲಿ ಎದೆಯೆತ್ತರಕ್ಕೆ ತೂಗುವ ಆ ಕಂಚಿನ ಗಂಟೆಗೆ ಹಗ್ಗವಿಲ್ಲ, ಅದನ್ನು ಯಾರೂ ಬಾರಿಸುವುದೂ ಇಲ್ಲ. ಊರಿನಲ್ಲಿ ಯಾರಾದರೂ ಯಾರಿಗಾದರೂ ಹೊಡೆದರೆ ಅದರ ನಾಲಿಗೆ ತಾನಾಗಿಯೇ ಎದ್ದು ಬಡಿಯುತ್ತದೆ. ಕಪಾಳಕ್ಕೆ ಕೊಟ್ಟರೆ ಒಂದು ಬಡಿತ, ಗುದ್ದಿದರೆ ಎರಡೋ ಮೂರೋ, ಜಾಡಿಸಿ ಒದ್ದರೆ ನಾಲ್ಕರವರೆಗೆ. ಏಟಿನ ತೂಕವೆಷ್ಟೋ ಬಡಿತ ಅಷ್ಟು. ನಮ್ಮ ಅಜ್ಜಂದಿರ ಕಾಲದಿಂದಲೂ ಹೀಗೇ ಇರುವುದರಿಂದ ಯಾರೂ ಇದಕ್ಕಾಗಿ ತಲೆ ಕೆಡಿಸಿಕೊಂಡಿಲ್ಲ. ಶಾಲೆಯ ಪರೀಕ್ಷೆಯ ಫಲಿತಾಂಶ ಬಂದ ದಿನ ಮಾತ್ರ ಗಂಟೆಯ ಗದ್ದಲದಲ್ಲಿ ವಕೀಲರ ವಾದ ಕೇಳಿಸುವುದಿಲ್ಲವೆಂದು ಕೋರ್ಟಿಗೆ ರಜೆ ಕೊಡುತ್ತಾರೆ. ಸಂಜೆ ಊಟದ ಹೊತ್ತಿಗೆ ಬಡಿದದ್ದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಅದು ಗಂಡ ಹೆಂಡಿರ ವಿಷಯವಂತೆ.

ಗಂಟೆಯ ಪಕ್ಕದಲ್ಲಿ ಮೇಜು ಹಾಕಿಕೊಂಡು ಧೋಂಡೋಪಂತ ಎಂಬ ಗುಮಾಸ್ತರು ಕೂತಿರುತ್ತಾರೆ. ಬಡಿತಗಳನ್ನು ದಫ್ತರಿನಲ್ಲಿ ಬರೆದುಕೊಳ್ಳುವುದು ಅವರ ಕೆಲಸ. ಹೊಸದಾಗಿ ಸೇರಿದಾಗ ಬಹಳ ಉತ್ಸಾಹದಿಂದ ಗಂಟೆಯ ನಾಲಿಗೆಯ ಧೂಳು ಒರೆಸಲು ಹೋಗಿದ್ದರು. ಅದೇ ಹೊತ್ತಿಗೆ ದನದ ಪೇಟೆಯಲ್ಲಿ ಯಾರೋ ಯಾರನ್ನೋ ಒದ್ದರು. ಪಂತರ ಎಡಗೈಯ ಎರಡು ಉಗುರು ಕಿತ್ತುಬಂದವು. ಅಂದಿನಿಂದ ಆ ನಾಲಿಗೆಯನ್ನು ಮುಟ್ಟಿದವರಿರಲಿಲ್ಲ. ಮುಟ್ಟಬಾರದೆಂಬ ಕಾನೂನೂ ಇರಲಿಲ್ಲ, ಅಷ್ಟು ಹುಚ್ಚರು ಇರುತ್ತಾರೆಂದು ಕಾನೂನು ಬರೆದವರಿಗೆ ಹೊಳೆದಿರಲಿಲ್ಲ.

ಉಳಿದದ್ದೆಲ್ಲ ಅವರಿಗೆ ಹೊಳೆದಿತ್ತು. ಆತ್ಮರಕ್ಷಣೆಯ ಕಾನೂನು ಮೊದಲು ಒಂದೇ ಸಾಲಿನದು: ಮೊದಲು ಹೊಡೆದವನಿಗೆ ಬೇರೆ ಶಿಕ್ಷೆಯಿಲ್ಲ, ಬಂದಷ್ಟನ್ನು ತಿರುಗಿ ಕೊಡಬಹುದು, ಒಂದು ಬಡಿತವೂ ಹೆಚ್ಚಾಗಬಾರದು. ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆಮೇಲೆ ಬುದ್ಧಿವಂತರು ಸೇರಿದರು. ವಿದ್ಯೆ ಕಲಿತವನ ಕೈ ಆಯುಧಕ್ಕೆ ಸಮ, ಆದ್ದರಿಂದ ಗರಡಿಯಲ್ಲಿ ಹೆಸರು ಬರೆಸಿದವನು ಬಂದದ್ದರ ಅರ್ಧ ಮಾತ್ರ ಕೊಡತಕ್ಕದ್ದು, ಎರಡನೆಯ ವರ್ಷದಿಂದ ಕಾಲು ಭಾಗ, ವಸ್ತಾದನಾದವನು ಏನನ್ನೂ ಕೊಡತಕ್ಕದ್ದಲ್ಲ ಎಂದು ಸೇರಿಸಿದರು. ಅದರ ಮೇಲೆ ಮತ್ತೊಂದು: ಕುಳಿತವನಿಂದ ಅಪಾಯವಿಲ್ಲ, ಆದ್ದರಿಂದ ಕುಳಿತವನನ್ನು ಯಾರೂ ಹೊಡೆಯತಕ್ಕದ್ದಲ್ಲ. ಮೀರಿದರೆ ಎರಡೂ ಕೈಗಳನ್ನು ಮೊಣಕೈವರೆಗೆ ಚರ್ಮದ ಚೀಲದಲ್ಲಿಟ್ಟು ಹೊಲಿದು ಅರಗಿನ ಮುದ್ರೆ ಒತ್ತುತ್ತಾರೆ.

ನನ್ನ ಗುರು ಮಲಕಾಜಪ್ಪ ವಸ್ತಾದರು ಮನೆಗೆ ನುಗ್ಗಿದ ಕಳ್ಳನಿಗೆ ಏಳು ಬಡಿತದ ಏಟು ಕೊಟ್ಟಿದ್ದರು. ಆ ಗಂಟೆ ಅದಕ್ಕಿಂತ ಹೆಚ್ಚು ಬಡಿದದ್ದು ಯಾವ ದಫ್ತರಿನಲ್ಲೂ ಇಲ್ಲ. ಕಳ್ಳ ಆರು ತಿಂಗಳಲ್ಲಿ ಎದ್ದು ಓಡಾಡಿದ. ಗುರುಗಳು ಮಾತ್ರ ಸಾಯುವವರೆಗೆ ಕೈಗಳನ್ನು ಚೀಲದಲ್ಲಿಟ್ಟುಕೊಂಡು ಹೆಂಡತಿಯ ಕೈತುತ್ತು ತಿಂದರು. ಚೀಲದ ಸಮೇತವೇ ಅವರನ್ನು ಮಣ್ಣು ಮಾಡಿದೆವು. ಮುದ್ರೆ ಒಡೆಯಲು ಹಾಕಿದ ಅರ್ಜಿಯ ವಿಚಾರಣೆ ಈಗಲೂ ನಡೆಯುತ್ತಿದೆ.

ಹೀಗಿರುವಾಗ ಗರಡಿಗೆ ಯಾರು ಬಂದಾರು? ಕಲಿತಷ್ಟೂ ಹಕ್ಕು ಕಡಿಮೆಯಾಗುವ ವಿದ್ಯೆ ಇದೊಂದೇ ಇರಬೇಕು. ಮೈ ಕರಗಿಸಿಕೊಳ್ಳಬೇಕೆನ್ನುವ ಎರಡು ಮೂರು ವ್ಯಾಪಾರಸ್ಥರು ಬರುತ್ತಿದ್ದರು, ಅವರಿಗೆ ಬಸ್ಕಿ ಹೊಡೆಸುತ್ತಿದ್ದೆ. ಸರ್ಕಾರದಿಂದ ಬಂದ ಪಾಠದ ಪಟ್ಟಿಯಲ್ಲಿ ಮೊದಲ ಆರು ತಿಂಗಳು ವಿನಯ, ಆಮೇಲೆ ಆರು ತಿಂಗಳು ಬೀಳುವ ಕ್ರಮ, ಕೊನೆಗೆ ದೂರು ಅರ್ಜಿ ಬರೆಯುವ ಅಭ್ಯಾಸ ಇತ್ತು. ಹೊಡೆಯುವ ವರಸೆಗಳನ್ನು "ಸಮಯ ಉಳಿದರೆ" ಎಂಬ ಶೀರ್ಷಿಕೆಯ ಕೆಳಗೆ ಹಾಕಿದ್ದರು.

ಈ ಕಾನೂನನ್ನು ವಕೀಲರಿಗಿಂತ ಚೆನ್ನಾಗಿ ತಿಳಿದುಕೊಂಡವನು ಚಂದ್ರಾಮ. ಓದಿದ್ದು ನಾಲ್ಕನೇ ಇಯತ್ತೆ, ಆದರೆ ತಲೆ ಎಂಥದು! ಅವನ ಕಂಕುಳಲ್ಲಿ ಯಾವಾಗಲೂ ಒಂದು ಮಣೆ, ಊಟಕ್ಕೆ ಹಾಕುತ್ತಾರಲ್ಲ ಅಂಥದೇ, ನವಿಲಿನ ಕೆತ್ತನೆಯದು. ಯಾರ ಕೆನ್ನೆಗಾದರೂ ಒಂದು ಬಾರಿಸುವುದು, ಅವರು ಕೈಯೆತ್ತುವಷ್ಟರಲ್ಲಿ ಮಣೆ ಹಾಕಿ ಕೂತುಬಿಡುವುದು. ಕೂತವನನ್ನು ಹೊಡೆಯುವಂತಿಲ್ಲ. ಏಟು ತಿಂದವನು ಹಲ್ಲು ಕಡಿಯುತ್ತ ನಿಂತು, ಕಾಲು ನೋವು ಬಂದ ಮೇಲೆ ಮನೆಗೆ ಹೋಗಬೇಕು. ಚಂದ್ರಾಮನನ್ನು ನೋಡಿ ಊರಿನ ಪುಂಡರೆಲ್ಲ ಮಣೆ ಹಿಡಿದರು. ಬಡಗಿಗಳಿಗೆ ಬಿಡುವಿಲ್ಲದ ಕೆಲಸ. ಮದುವೆಯಲ್ಲಿ ಊಟಕ್ಕೆ ಮಣೆ ತಂದರೆ ಬೀಗರು ಕೆನ್ನೆ ಮುಚ್ಚಿಕೊಂಡು ಎದ್ದು ನಿಲ್ಲುವ ಹಾಗಾಯಿತು.

ಕೋರ್ಟಿನ ಎದುರಿಗೆ, ರಸ್ತೆಯ ಆಚೆ ಬದಿಗೆ ನಿಂಬೆವ್ವನ ಚಾದಂಗಡಿ. ಗಂಡ ತೀರಿಕೊಂಡು ಮೂರು ವರ್ಷ, ಆ ಅಂಗಡಿಯೇ ಅವಳ ಹೊಟ್ಟೆಪಾಡು. ಸಾಹೇಬರಿಂದ ಹಿಡಿದು ಕೈದಿಗಳವರೆಗೆ ಎಲ್ಲರೂ ಅವಳ ಚಾ ಕುಡಿಯುವವರೇ. ಆ ಜಾಗದ ಮೇಲೆ ಚಂದ್ರಾಮನ ಕಣ್ಣು ಬಿತ್ತು, ಅವನ ಭಾವಮೈದುನನಿಗೆ ಪಾನಂಗಡಿ ಹಾಕಿಸಬೇಕಿತ್ತು. ದಿನಾ ಹನ್ನೊಂದಕ್ಕೆ ಬಂದು ಅವಳ ಕೆನ್ನೆಗೆ ಒಂದು ಕೊಟ್ಟು, ಮಣೆ ಹಾಕಿ ಕೂತು, "ಜಾಗಾ ಯಾವಾಗ ಬಿಡತಿ?" ಎಂದು ಕೇಳಿ, ಬಿಟ್ಟಿ ಚಾ ಕುಡಿದು ಹೋಗುತ್ತಿದ್ದ. ಒಂದು ಬಡಿತ. ಜನ ಅದನ್ನು ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು.

ನಿಂಬೆವ್ವ ಕೋರ್ಟಿಗೆ ದೂರು ಕೊಟ್ಟಳು. ವಿಚಾರಣೆಯ ದಿನ ನಾನೂ ಹಿಂದೆ ನಿಂತಿದ್ದೆ. ಅವಳ ಎಡಗೆನ್ನೆ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

"ಇದನ್ನ ನೋಡ್ರಿ ಸಾಹೇಬ್ರ," ಎಂದಳು.

"ನೋಡೂದು ಬ್ಯಾಡವಾ," ಎಂದರು ನ್ಯಾಯಾಧೀಶ ಸಾಹೇಬರು. "ಕಣ್ಣು ಸುಳ್ಳ ಹೇಳಬಹುದು, ಗಂಟಿ ಹೇಳೂದಿಲ್ಲ. ಈ ಕೋರ್ಟಿನಾಗ ಗಂಟಿ ಒಂದ ಸಾಕ್ಷಿ. ಪಂತರ, ಎಷ್ಟು ಬಡದೈತಿ?"

"ದಿನಾ ಒಂದೊಂದರಿ."

"ಕೇಳಿದಿ? ಒಂದು. ನೀನೂ ತಿರುಗಿ ಒಂದು ಕೊಟ್ಟಿದ್ರ ಆಗ್ತಿತ್ತು, ನಿನಗ ಪೂರಾ ಹಕ್ಕೈತಿ."

"ಕೊಡೂದ್ರಾಗ ಕೂತಬಿಡತಾನ್ರಿ."

"ಕೂತನಲ್ಲ, ಮತ್ತೇನು? ಕೂತಾವನಿಂದ ಅಪಾಯ ಇಲ್ಲ." ಸಾಹೇಬರು ಫೈಲು ಮುಚ್ಚಿ, ಒಂದು ಸ್ಪೆಷಲ್ ಚಾ ಕಳಿಸಲು ಹೇಳಿದರು. ನಿಂಬೆವ್ವ ಹೋಗಿ ಕಳಿಸಿದಳು.

ಮರುದಿನ ಬೆಳಿಗ್ಗೆ ಐದೂವರೆಗೆ ಅವಳು ಗರಡಿಯ ಬಾಗಿಲಲ್ಲಿ ನಿಂತಿದ್ದಳು. ಸೀರೆಯ ಕಚ್ಚೆ ಹಾಕಿದ್ದಳು, ಕೈಯಲ್ಲಿ ಒಂದು ತೆಂಗಿನಕಾಯಿ.

"ಹುಚ್ಚಿ ಏನವಾ ನೀ?" ಎಂದು ನಾನು ರೇಗಿದೆ. "ಇವತ್ತು ನಿನಗ ಒಂದಕ್ಕ ಒಂದು ಹಕ್ಕೈತಿ. ಹೆಸರ ಬರಸಿದಿ ಅಂದ್ರ ಅರ್ಧ. ಅರ್ಧ ಬಡಿತ ಅಂದ್ರ ಏನಂತ ಗೊತ್ತೇನು? ಕೆನ್ನಿ ಮ್ಯಾಲಿನ ಹಿಟ್ಟು ಒರೆಸಿದಂಗ!"

"ಹೊಡೀಲಿಕ್ಕ ಬಂದಿಲ್ರಿ ವಸ್ತಾದರ. ಅವ ಹೊಡದಾಗೊಮ್ಮೆ ನಾ ಬೀಳತೀನಿ. ನನ್ನ ಕೂಡ ಕಿಟ್ಲಿನೂ ಬೀಳತೈತಿ. ಮಂದಿ ನಗತಾರ. ಬೀಳದಂಗ ನಿಂದರೂದಷ್ಟ ಕಲಸ್ರಿ, ಸಾಕು."

ಅಷ್ಟು ವರ್ಷ ಗರಡಿ ನಡೆಸಿದ ನನಗೆ ವಿದ್ಯೆ ಯಾಕೆ ಬೇಕು ಎಂಬುದಕ್ಕೆ ಇಷ್ಟು ನೇರವಾದ ಕಾರಣ ಯಾರೂ ಕೊಟ್ಟಿರಲಿಲ್ಲ. ತೆಂಗಿನಕಾಯಿ ತೆಗೆದುಕೊಂಡೆ.

ನಿಲ್ಲುವುದನ್ನು ಎರಡು ತಿಂಗಳಲ್ಲಿ ಕಲಿತಳು. ಚಂದ್ರಾಮ ಹೊಡೆದರೆ ಈಗ ಅವಳ ಕತ್ತು ಮಾತ್ರ ತಿರುಗುತ್ತಿತ್ತು, ಕೆಟಲಿನಿಂದ ಒಂದು ಹನಿ ಚಾ ಹೊರಗೆ ಬೀಳುತ್ತಿರಲಿಲ್ಲ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಒಳ್ಳೆಯ ಶಿಷ್ಯ ಸಿಕ್ಕಿದ ವಸ್ತಾದನಿಗೂ ಹೋಳಿಗೆಯ ಮುಂದೆ ಕೂತ ಹಸಿದವನಿಗೂ ಸಂಯಮದ ಮಾತು ಹೇಳಿ ಪ್ರಯೋಜನವಿಲ್ಲ. ಸರ್ಕಾರದ ಪಟ್ಟಿಯನ್ನು ಮಡಿಸಿ ಗೋಡೆಯ ಸಂದಿಗೆ ತುರುಕಿ, ನನ್ನ ಗುರುಗಳ ಮುಷ್ಟಿಯ ಏಟನ್ನೇ ಅವಳಿಗೆ ಹೇಳಿಕೊಟ್ಟೆ. ಉಸುಕಿನ ಚೀಲ ಕಟ್ಟಿ ಅದಕ್ಕೆ ಹೊಡೆಸುತ್ತಿದ್ದೆ. ಚೀಲ ಮನುಷ್ಯನಲ್ಲವಾದ್ದರಿಂದ ಗಂಟೆ ಸುಮ್ಮನಿರುತ್ತಿತ್ತು. ಸೊಂಟ ತಿರುಗಬೇಕು, ಭುಜ ಹಿಂಬಾಲಿಸಬೇಕು, ಬಲಗಾಲು ಮುಂದೆ ಬಂದು ಊರಬೇಕು. ಆ ಬಲಗಾಲು ಮಾತ್ರ ಅವಳಿಗೆ ಕೊನೆಗೂ ಬಗ್ಗಲಿಲ್ಲ, ಯಾವಾಗಲೂ ಗೇಣುದ್ದ ಹಿಂದೆಯೇ ಉಳಿಯುತ್ತಿತ್ತು. ಒಂದು ವರ್ಷ ಕಳೆಯಿತು. ಅವಳ ಹಕ್ಕು ಅರ್ಧದಿಂದ ಕಾಲು ಭಾಗಕ್ಕೆ ಇಳಿಯಿತು. ಅಂದರೆ ನಾಲ್ಕು ಕಪಾಳ ತಿಂದರೆ ಒಂದು ಕೊಡಬಹುದು, ಅದೂ ಚಂದ್ರಾಮ ನಿಂತುಕೊಂಡಿದ್ದರೆ.

ವಿದ್ಯೆ ಬಲ್ಲವರು ದಿನಾ ಬೆಳಿಗ್ಗೆ ಪಂತರ ಮೇಜಿಗೆ ಹೋಗಿ ದಫ್ತರಿನಲ್ಲಿ ಸಹಿ ಮಾಡಬೇಕು. ಆ ದಿನ ನಾನು ಹೋಗುವಾಗ ಹನ್ನೊಂದಾಗುತ್ತ ಬಂದಿತ್ತು. ಮನೆಯಲ್ಲಿ ಜಗಳವಾಡಿ ಬಂದಿದ್ದ ಪಂತರು ಎದ್ದು ನನ್ನ ಕೆನ್ನೆಗೆ ಒಂದು ಕೊಟ್ಟರು, ಗಂಟೆ ಬಡಿಯಿತು, ತಾವೇ ಅದನ್ನು ಬರೆದುಕೊಂಡರು. ನಾನು ಸಹಿ ಮಾಡಿ ತಲೆಯೆತ್ತಿದೆ. ಎದುರಿಗೆ, ರಸ್ತೆಯಾಚೆ ನಿಂಬೆವ್ವನ ಅಂಗಡಿಗೆ ಚಂದ್ರಾಮ ಬರುತ್ತಿದ್ದ.

ಅವನು ಎಂದಿನಂತೆ ಅವಳ ಕೆನ್ನೆಗೆ ಹೊಡೆದ. ನನ್ನ ಪಕ್ಕದಲ್ಲೇ ನಾಲಿಗೆ ಎದ್ದು ಒಂದು ಸಲ ಬಡಿಯಿತು. ನಿಂಬೆವ್ವ ಅಲುಗಲಿಲ್ಲ. ಅವನು ಮಣೆ ಹಾಕಿ ಕೂತ. ಚಾ ಕೊಟ್ಟಳು. ಅವಳು ಬೀಳುವುದನ್ನು ನಿಲ್ಲಿಸಿದ ಮೇಲೆ ಅವನಿಗೂ ಹೊಡೆಯುವುದರಲ್ಲಿ ಸುಖ ಉಳಿದಿರಲಿಲ್ಲವೆಂದು ಕಾಣುತ್ತದೆ. ಒಂದು ಗುಟುಕು ಕುಡಿದು, "ನಾಳಿಗೆ ಅಂಗಡಿ ಖಾಲಿ ಆಗಬೇಕು," ಎಂದ. ಉಳಿದ ಕುದಿಯುವ ಚಾವನ್ನು ಕೂತಲ್ಲಿಂದಲೇ ಅವಳ ಬಲಗಾಲ ಮೇಲೆ ನಿಧಾನವಾಗಿ ಸುರಿದ.

ಗಂಟೆ ಸುಮ್ಮನಿತ್ತು. ಸುರಿಯುವುದು ಹೊಡೆಯುವುದಲ್ಲ. ಕಟ್ಟೆಯ ಮೇಲೆ ಕೂತಿದ್ದ ವಕೀಲರು ಒಮ್ಮೆ ಗಂಟೆಯ ಕಡೆ ನೋಡಿದರು, ಅದು ಬಡಿಯದಿದ್ದುದನ್ನು ಕಂಡು ಮತ್ತೆ ತಮ್ಮ ಅಡಿಕೆ ಕತ್ತರಿಸಿದರು. ಚಂದ್ರಾಮ ಖಾಲಿ ಕಪ್ಪನ್ನು ಎತ್ತಿ ತೋರಿಸುತ್ತ, "ನೋಡ, ಗಂಟಿನೂ ನನ್ನ ಕಡೀಗೈತಿ," ಎಂದು ನಕ್ಕ.

ನಿಂಬೆವ್ವ ಕೆಟಲನ್ನು ಕೆಳಗಿಟ್ಟಳು. ಸದ್ದಾಗದಂತೆ ಇಟ್ಟಳು. ಹೊಡೆಯುವ ಮೊದಲು ಕೈಯಲ್ಲಿದ್ದುದನ್ನು ಸದ್ದಿಲ್ಲದೆ ಇಳಿಸಬೇಕೆಂದು ಅವಳಿಗೆ ಹೇಳಿಕೊಟ್ಟವನು ನಾನೇ. ಮುಂದೇನಾಗುತ್ತದೆಂದು ಆ ಬೀದಿಯಲ್ಲಿ ನನಗೊಬ್ಬನಿಗೇ ಗೊತ್ತಾಯಿತು. ಕೂತವನನ್ನು ಹೊಡೆದರೆ ಚೀಲ, ವಿದ್ಯೆ ಕಲಿತವಳಾದ್ದರಿಂದ ಸಾಯುವವರೆಗೆ. ಚೀಲದ ಕೈಯಿಂದ ಚಾ ಸೋಸಲು ಬರುವುದಿಲ್ಲ. ಅವಳಿಗೆ ಕೈತುತ್ತು ಹಾಕಲು ಮನೆಯಲ್ಲಿ ಯಾರೂ ಇಲ್ಲ. ನಾನು ಕೂಗಿದ್ದರೆ ಅವಳು ನಿಲ್ಲುತ್ತಿದ್ದಳು, ನನ್ನ ಮಾತು ಎಂದೂ ಮೀರಿದವಳಲ್ಲ. ನಾನು ಕೂಗಲಿಲ್ಲ. ಸತ್ಯ ಹೇಳಬೇಕೆಂದರೆ, ಅವಳು ಹೊಡೆಯುವುದನ್ನು ನೋಡಬೇಕೆಂದು ನನ್ನ ಹೊಟ್ಟೆಯೊಳಗಿನಿಂದ ಆಸೆಯಾಗಿತ್ತು.

ತಿರುಗಿ ಎರಡೂ ಕೈಗಳನ್ನು ಗಂಟೆಯೊಳಗೆ ಹಾಕಿದೆ. ನಾಲಿಗೆಯ ತುದಿಯ ಗುಂಡನ್ನು ಅಂಗೈಗಳಿಂದ ಸುತ್ತ ಮುಚ್ಚಿ ಹಿಡಿದುಕೊಂಡೆ. "ಏ ವಸ್ತಾದ!" ಎಂದು ಪಂತರು ಎದ್ದುನಿಂತರು.

ಮೊದಲನೆಯ ಬಡಿತಕ್ಕೆ ನಾಲಿಗೆ ನನ್ನ ಬೆರಳುಗಳನ್ನು ಒಯ್ದು ಕಂಚಿಗೆ ಅಪ್ಪಳಿಸಿತು. ಗಂಟೆಯ ಸದ್ದು ಬರಲಿಲ್ಲ, ನನ್ನ ಎಲುಬಿನದು ಬಂತು. ಹೆಗಲ ಮೇಲೆ ಇಳಿಬಿದ್ದಿದ್ದ ರುಮಾಲಿನ ಚುಂಗನ್ನು ಬಾಯಿಂದಲೇ ಎಳೆದುಕೊಂಡು ಕಚ್ಚಿದೆ. ಎರಡು, ಮೂರು, ನಾಲ್ಕು. ಐದಕ್ಕೆ ಕಣ್ಣು ಕತ್ತಲಿಟ್ಟಿತು. ಆರಕ್ಕೆ ನೋವು ಯಾರದೋ ಇರಬೇಕೆನ್ನಿಸಿತು. ಏಳು ಎಂದಾಗ ಗುರುಗಳನ್ನು ನೆನೆದು, ಸದ್ಯ ಮುಗಿಯಿತು ಎಂದು ಹಿಡಿತ ಸಡಿಲಿಸಲು ಹೊರಟೆ. ಅಷ್ಟರಲ್ಲಿ ನಾಲಿಗೆ ಮತ್ತೊಮ್ಮೆ ಎದ್ದಿತು. ಹೇಗೆ ಹಿಡಿದೆನೋ ಗೊತ್ತಿಲ್ಲ, ಹಿಡಿದೆ.

ಕಣ್ಣು ಬಿಟ್ಟಾಗ ಚಂದ್ರಾಮ ಮಣೆಯಿಂದ ಮೂರು ಮಾರು ಆಚೆ ಗಟಾರದ ಪಕ್ಕದಲ್ಲಿ ಬಿದ್ದಿದ್ದ. ಬೀದಿಯವರು ಯಾರೂ ಅವನ ಕಡೆ ನೋಡುತ್ತಿರಲಿಲ್ಲ, ಬಾಯಿ ತೆರೆದುಕೊಂಡು ಗಂಟೆಯ ಕಡೆ ಕಿವಿಯಿಟ್ಟಿದ್ದರು. ನಾನು ಮಂಟಪದ ಕಂಬದ ಮರೆಯಲ್ಲೇ ಕೈಗಳನ್ನು ರುಮಾಲಿನೊಳಗೆ ಸುತ್ತಿಕೊಂಡೆ. ಪಂತರು ನನ್ನ ಕೈ ನೋಡಿದರು, ನನ್ನ ಮುಖ ನೋಡಿದರು, ತಮ್ಮ ಉಗುರಿಲ್ಲದ ಎರಡು ಬೆರಳು ನೋಡಿಕೊಂಡರು. ಆಮೇಲೆ ಕೂತು ಲೇಖನಿ ಕೆಳಗಿಟ್ಟರು.

"ಬರಿಯೂದಿಲ್ಲೇನ್ರಿ?" ಎಂದು ಹೇಗೋ ಕೇಳಿದೆ.

"ಕಂಡದ್ದು ಬರಿಯೋ ಅಧಿಕಾರ ನನಗಿಲ್ಲೋ ಮಾರಾಯಾ," ಎಂದರು. "ಕೇಳಿದ್ದಷ್ಟ ಬರೀಬೇಕು. ನನಗೇನೂ ಕೇಳಿಸಲಿಲ್ಲ. ನೀ ದವಾಖಾನಿಗೆ ನಡಿ."

ಎಂಟನೆಯ ದಿನ ಕೋರ್ಟು ತುಂಬಿತ್ತು. ಚಂದ್ರಾಮನ ದವಡೆಗೆ ಪಟ್ಟಿ ಕಟ್ಟಿದ್ದರಿಂದ ಅವನ ಪರವಾಗಿ ವಕೀಲರೇ ಕೂಗಾಡಿದರು. ಕೂತವನನ್ನು ಹೊಡೆದಿದ್ದಾಳೆ, ಹಲ್ಲು ಹೋಗಿವೆ, ನಲವತ್ತು ಜನ ಕಂಡಿದ್ದಾರೆ. ನಿಂಬೆವ್ವ ಕಟಕಟೆಯಲ್ಲಿ ತಲೆ ಎತ್ತಿಕೊಂಡು ನಿಂತಿದ್ದಳು. ಹೊಡೆದದ್ದು ಹೌದೆಂದು ಹೇಳಲು ಎರಡು ಸಲ ಬಾಯಿ ತೆರೆದಳು. ಸಾಹೇಬರು ಎರಡು ಸಲವೂ ಕೈ ಮಾಡಿ ತಡೆದರು.

"ಬಾಯಿನೂ ಸಾಕ್ಷಿ ಅಲ್ಲವಾ, ಕಣ್ಣೂ ಅಲ್ಲ. ಪಂತರ, ಗಂಟಿ ಏನಂತೈತಿ?"

"ಹನ್ನೊಂದಕ್ಕ ಒಂದ ಬಡೀತ್ರಿ. ಅದು ಚಂದ್ರಾಮ ಈಕಿಗೆ ಹೊಡದದ್ದು. ಅದರ ಮ್ಯಾಲೆ ಮಧ್ಯಾಹ್ನದ ತನಕ ಬಡದಿಲ್ರಿ."

ಹಿಂದೆ ನಿಂತಿದ್ದ ನನ್ನ ಕೈಗಳ ಬಿಳಿ ಪಟ್ಟಿಯ ಮೇಲೆ ಸಾಹೇಬರ ಕಣ್ಣು ಒಂದು ಗಳಿಗೆ ನಿಂತಿತು. ಕಣ್ಣು ಸಾಕ್ಷಿಯಲ್ಲವಲ್ಲ, ಅಲ್ಲಿಂದ ತೆಗೆದರು. ಏಟೇ ಬೀಳದ ಮೇಲೆ ಹೊಡೆದವರು ಇರಲು ಸಾಧ್ಯವಿಲ್ಲ, ಫಿರ್ಯಾದಿ ಮಣೆಯಿಂದ ಜಾರಿ ಬಿದ್ದಿರತಕ್ಕದ್ದು ಎಂದು ತೀರ್ಪು ಬರೆಸಿದರು. ಇನ್ನು ಮುಂದೆ ಬಡಗಿಗಳು ಮಣೆಯ ಎತ್ತರವನ್ನು ಎರಡು ಬೆರಳು ತಗ್ಗಿಸಬೇಕೆಂದು ಆದೇಶವನ್ನೂ ಹೊರಡಿಸಿದರು. ಆಮೇಲೆ ಒಂದು ಸ್ಪೆಷಲ್ ಚಾ ಕಳಿಸಲು ಹೇಳಿದರು. ಚಂದ್ರಾಮ ಆ ಬೀದಿಗೆ ಮತ್ತೆ ಬರಲಿಲ್ಲ. ಗಂಟೆಗೆ ಕೇಳಿಸದ ಹಾಗೆ ಹೊಡೆಯುವ ಹೆಂಗಸಿನ ಎದುರು ಯಾವ ಮಣೆ ಹಾಕಿ ಕೂರುವುದು?

ನನ್ನ ಬೆರಳುಗಳು ಕೂಡಿಕೊಂಡವು, ಆದರೆ ಮಡಚುವುದಿಲ್ಲ. ಇವನಿಂದ ಇನ್ನು ಮುಷ್ಟಿ ಕಟ್ಟಲಾಗದು ಎಂದು ಡಾಕ್ಟರು ಬರೆದುಕೊಟ್ಟರು. ಕೋರ್ಟಿನವರು ಆ ಕಾಗದ ನೋಡಿ ವಿದ್ಯೆ ಬಲ್ಲವರ ಪಟ್ಟಿಯಿಂದ ನನ್ನ ಹೆಸರನ್ನು ಹೊಡೆದುಹಾಕಿದರು. ಈಗ ನಾನು ಸಾಮಾನ್ಯ ಮನುಷ್ಯ, ಒಂದಕ್ಕೆ ಒಂದು ಪೂರ್ತಿ ಹಕ್ಕಿರುವವನು. ಪೇಟೆಯಲ್ಲಿ ಹೊರಟರೆ ಅಳಿಯ, ಮಾಸ್ತರ, ಸೋತ ಸದಸ್ಯ ಎಲ್ಲರೂ ದೂರದಿಂದಲೇ ನಮಸ್ಕಾರ ಮಾಡುತ್ತಾರೆ. ಪಂತರು ತಮ್ಮ ಸಿಟ್ಟನ್ನು ಮನೆಯಲ್ಲೇ ಮುಗಿಸಿ ಬರುತ್ತಾರೆ. ಮೂವತ್ತು ವರ್ಷ ಕೈಯಿದ್ದಾಗ ಸಿಗದ ಮರ್ಯಾದೆ ಕೈ ಹೋದ ಮೇಲೆ ಸಿಕ್ಕಿತು. ನನಗೆ ಇದರಿಂದ ಸಂತೋಷವಾಯಿತೆಂದು ಹೇಳಿದರೆ ಸುಳ್ಳಾದೀತು. ಕೆಲವು ದಿನ ಗರಡಿಯ ಮೂಲೆಯಲ್ಲಿ ಗದೆಗಳನ್ನು ನೋಡುತ್ತ ಅಳುತ್ತಿದ್ದೆ.

ದಿನಾ ಹನ್ನೊಂದಕ್ಕೆ ನಿಂಬೆವ್ವನ ಅಂಗಡಿಗೆ ಹೋಗುತ್ತೇನೆ. ಚಂದ್ರಾಮ ಬಿಟ್ಟುಹೋದ ನವಿಲಿನ ಮಣೆಯನ್ನು ಅವಳು ನನಗೆ ಹಾಕುತ್ತಾಳೆ. ಕಪ್ಪು ಹಿಡಿಯಲು ನನಗೆ ಬರುವುದಿಲ್ಲ. ಕಪ್ಪಿನಡಿಯ ಬಸಿಗೆ ಚಾ ಸುರಿದು, ಊದಿ, ನನ್ನ ತುಟಿಗೆ ಹಿಡಿಯುತ್ತಾಳೆ. ನನ್ನ ಕೈಗೆ ಏನಾಯಿತೆಂದು ಅವಳು ಒಮ್ಮೆಯೂ ಕೇಳಿರಲಿಲ್ಲ. ಪಂತರು ಹೇಳಿರಬೇಕು, ಇಲ್ಲವೇ ತಾನೇ ತಿಳಿದುಕೊಂಡಿರಬೇಕು. ಒಂದು ದಿನ ಗಿರಾಕಿಗಳೆಲ್ಲ ಹೋದ ಮೇಲೆ ಬಸಿಯನ್ನು ಅರ್ಧದಲ್ಲೇ ನಿಲ್ಲಿಸಿ ಕೇಳಿದಳು:

"ವಸ್ತಾದರ, ಊರಾಗ ನಿಮಗೊಬ್ರಿಗೆ ಗೊತ್ತೈತಿ. ನಂದು ಎಷ್ಟಿತ್ರಿ?"

"ಎಂಟು," ಎಂದೆ.

ಮಲಕಾಜಪ್ಪ ವಸ್ತಾದರ ಏಳರ ಕಥೆ ಅವಳಿಗೆ ಗೊತ್ತಿತ್ತು. ಬಸಿ ವಾಲಿ ಚಾ ನನ್ನ ಧೋತರದ ಮೇಲೆ ಚೆಲ್ಲಿತು. ಅವಳ ಕಣ್ಣು ತುಂಬಿದ್ದು ನೋಡಿ ನನ್ನವೂ ತುಂಬುವುದರಲ್ಲಿದ್ದವು. ಹಾಗಾಗಬಾರದೆಂದು ಗದರಿದೆ: "ಆದರ ಬಲಗಾಲ ಮತ್ತ ಹಿಂದ ಉಳದಿತ್ತು ನೋಡು. ಎಷ್ಟ ಸಲ ಹೇಳೇನಿ? ಅದೊಂದು ಊರಿದ್ರ ಒಂಬತ್ತಾಗ್ತಿತ್ತು."

"ಕಾಲ ಸುಟ್ಟಿತ್ತಲ್ರಿ," ಎಂದಳು.

"ಸುಟ್ಟದ್ದ ಛಲೋ ಆತು ಬಿಡು. ಒಂಬತ್ತನೇದಕ್ಕ ನನ್ನ ಹತ್ರ ಬೆರಳ ಉಳದಿರಲಿಲ್ಲ."

ಅವಳು ಸೆರಗಿನಿಂದ ನನ್ನ ಧೋತರ ಒರೆಸಿ, ಇನ್ನೊಂದು ಬಸಿ ಚಾ ಸುರಿದು ಊದತೊಡಗಿದಳು.